ಒಬ್ಬ ಹುಡುಗನ ಲೆಕ್ಕ



ಬೈಲಹೊಂಗಲ ಪೇಟೆಯಿಂದ ಹಳ್ಳಿಗಳ ಕಡೆ ಹೊರಡುವ ಯಾವ ರಸ್ತೆಯಲ್ಲಾದರೂ ಮುಂಜಾನೆ ಎಂಟರ ಹೊತ್ತಿಗೆ ನಿಂತು ನೋಡಿರಿ. ಹಳದಿ ಗಾಡಿಗಳು ಒಂದರ ಹಿಂದೊಂದು ಊರು ಹೊಕ್ಕು ಹೊರಬೀಳುತ್ತವೆ. ಅಗಸಿಯ ಹತ್ತಿರ ನಿಂತು ಹಾರ್ನು ಹೊಡೆಯುತ್ತವೆ. ಟೈ, ಬೂಟು, ಕೊರಳಿಗೆ ನೀರಿನ ಬಾಟ್ಲಿ ಹಾಕಿಕೊಂಡ ಮಕ್ಕಳು ಹತ್ತಿ ಹೋಗುತ್ತಾರೆ. ಧೂಳು ಕೂತ ಮೇಲೆ ಇನ್ನೊಂದಿಷ್ಟು ಮಕ್ಕಳು ನಡೆದು ಬರುತ್ತಾರೆ. ಇವರು ಕನ್ನಡ ಸಾಲಿಯ ಮಕ್ಕಳು. ಸರಕಾರ ಕೊಟ್ಟ ಸಮವಸ್ತ್ರ ಮೊದಲ ವರ್ಷ ಮೈಗೆ ದೊಡ್ಡದು, ಮರುವರ್ಷ ಗಿಡ್ಡ.

ಗಾಡಿ ಹತ್ತಿದವರು ಯಾವ ಓಣಿಯ ಮಕ್ಕಳು, ನಡೆದು ಬಂದವರು ಯಾವ ಓಣಿಯ ಮಕ್ಕಳು ಅಂತ ನಾವು ಬರೆಯಬೇಕಾಗಿಲ್ಲ. ಕಿತ್ತೂರು, ಬೈಲಹೊಂಗಲ, ಸವದತ್ತಿ, ರಾಮದುರ್ಗ, ಈ ನಾಲ್ಕೂ ತಾಲೂಕಿನ ನಮ್ಮ ಓದುಗರಿಗೆ ಅದು ಬಾಯಿಪಾಠ.

2025ರ ಜೂನಿನಲ್ಲಿ ನಾವು ಮೂವರು ಗೆಳೆಯರು ಅಂಥದೊಂದು ಊರಿನ ಸಾಲಿಗೆ ಹೋಗಿದ್ದೆವು. ಊರ ಹೆಸರು ಬರೆಯುವುದಿಲ್ಲ. ಬರೆದರೆ ಅಲ್ಲಿಯ ಮಾಸ್ತರರಿಗೆ ನೋಟೀಸು ಬರುತ್ತದೆ, ಸಾಲಿಯನ್ನು ಆ ಗತಿಗೆ ತಂದವರಿಗೆ ಏನೂ ಆಗುವುದಿಲ್ಲ. ಐದು ಕೋಣೆಯ ಸಾಲಿ, ಮೂರಕ್ಕೆ ಬೀಗ. ಒಂದರಿಂದ ಐದನೆಯ ತರಗತಿಯವರೆಗಿನ ಮಕ್ಕಳೆಲ್ಲ ಒಂದೇ ಕೋಣೆಯಲ್ಲಿ. ಮಾಸ್ತರರು ಹಳೆಯ ಹಾಜರಿ ಪುಸ್ತಕಗಳನ್ನು ಕಪಾಟಿನಿಂದ ತೆಗೆದು ಧೂಳು ಝಾಡಿಸಿ ತೋರಿಸಿದರು. ಇಪ್ಪತ್ತು ವರ್ಷದ ಹಿಂದಿನ ಪುಸ್ತಕದಲ್ಲಿ ಊರಿನ ಅಡ್ಡಹೆಸರುಗಳೆಲ್ಲ ಇದ್ದವು. ಪಾಟೀಲ, ದೇಸಾಯಿ, ಹಿರೇಮಠ, ಬಡಿಗೇರ, ಕುಂಬಾರ, ನದಾಫ, ತಳವಾರ, ಚಲವಾದಿ, ಮಾದರ. ಗೌಡರ ಮಗನ ಹೆಸರಿನ ಕೆಳಗೇ ಮಾದರ ಹುಡುಗನ ಹೆಸರು, ಒಂದೇ ಶಾಯಿಯಲ್ಲಿ. ಈಗಿನ ಪುಸ್ತಕದಲ್ಲಿ ಹೆಸರುಗಳು ಹದಿನೇಳು. ಮೇಲಿನ ಅಡ್ಡಹೆಸರು ಒಂದೂ ಇಲ್ಲ. ಉಳಿದವರು ನಾವು, ನಮ್ಮ ಹಾಗೆ ಇರುವವರು.

ಮಾಸ್ತರರು ಒಳ್ಳೆಯವರು. ಹೊರಟು ನಿಂತಾಗ ಹೇಳಿದರು: "ಏನ ಮಾಡೂಣ್ರಿ, ಇದು ಈಗ ಊರ ಸಾಲಿ ಉಳದಿಲ್ಲ, ನಿಮ್ಮ ಸಾಲಿ ಆಗೇತಿ."

ಅವರ ಮನಸ್ಸಿನಲ್ಲಿ ಕೆಟ್ಟದ್ದು ಇರಲಿಲ್ಲ. ಆದರೆ ಆ ಮಾತು ನಮ್ಮ ಸಂಗಡ ಬಸ್ಸು ಹತ್ತಿತು, ಮನೆಗೂ ಬಂತು. ಈ ಸಂಪಾದಕೀಯ ಆ ಮಾತಿನ ಬಗ್ಗೆ.

ಕಿತ್ತೂರಿನಿಂದ ಧಾರವಾಡ ಬಸ್ಸಿಗೆ ಒಂದು ತಾಸಿನ ಹಾದಿ. 1856ರ ಜೂನಿನಲ್ಲಿ ಆ ಧಾರವಾಡದಲ್ಲಿ ಒಬ್ಬ ಹುಡುಗ ಕಂಪನಿ ಸರಕಾರಕ್ಕೆ ಅರ್ಜಿ ಕೊಟ್ಟ. ಮಹಾರ ಜಾತಿಯವನು. ಸರಕಾರಿ ಶಾಲೆಯಲ್ಲಿ ನನ್ನನ್ನು ಸೇರಿಸಿಕೊಳ್ಳಲಿಲ್ಲ, ಸೇರಿಸಿಕೊಳ್ಳಿರಿ ಅಂತ ಅರ್ಜಿ. ಆಗಿನ್ನೂ ಜ್ಯೋತಿಬಾ ಫುಲೆ, ಸಾವಿತ್ರಿಬಾಯಿ ಪುಣೆಯಲ್ಲಿ ಶಾಲೆ ತೆರೆದು ಹತ್ತು ವರ್ಷ ಕೂಡ ಆಗಿರಲಿಲ್ಲ. ಅಂಬೇಡ್ಕರರು ಹುಟ್ಟಲು ಇನ್ನೂ ಮೂವತ್ತೈದು ವರ್ಷ ಇತ್ತು. ಹಿಂದೆ ಯಾವ ಸಂಘಟನೆ ಇಲ್ಲ, ಮುಂದೆ ಯಾವ ಬಾವುಟ ಇಲ್ಲ, ಈ ಹುಡುಗ ಒಬ್ಬನೇ ಹೋಗಿ ಬಾಗಿಲು ಬಡಿದ.

ಮುಂಬಯಿ ಸರಕಾರ ಏನು ಹೇಳಿತು? ನ್ಯಾಯ ಹುಡುಗನ ಕಡೆಗೇ ಇದೆ ಅಂತ ಒಪ್ಪಿಕೊಂಡಿತು. ಒಪ್ಪಿಕೊಂಡೇ ಬಾಗಿಲು ಮುಚ್ಚಿತು. ಇವನು ಒಬ್ಬನೇ, ಶಾಲೆಯಲ್ಲಿ ಜಾತಿಯವರ ಮಕ್ಕಳು ಅನೇಕರು. ಇವನೊಬ್ಬನನ್ನು ಒಳಗೆ ಬಿಟ್ಟರೆ ಅವರೆಲ್ಲ ಎದ್ದು ಹೋಗುತ್ತಾರೆ, ಶಾಲೆಯೇ ಪ್ರಯೋಜನಕ್ಕೆ ಬಾರದಂತಾಗುತ್ತದೆ, ಒಬ್ಬನಿಗಾಗಿ ಎಲ್ಲರ ವಿದ್ಯೆ ಕೆಡಿಸಲಾಗದು. ಇದು ಆ ಸರಕಾರದ ಲೆಕ್ಕ. ಮರುವರ್ಷ ಕಲಕತ್ತೆಯ ಮೇಲಿನ ಸರಕಾರ ಈ ಉತ್ತರಕ್ಕೆ ತಕರಾರು ತೆಗೆಯಿತು. ಬಂಗಾಳದ ಸರಕಾರಿ ಶಾಲೆಯಲ್ಲಾದರೆ ಇವನನ್ನು ಹೊರಗೆ ನಿಲ್ಲಿಸುತ್ತಿರಲಿಲ್ಲ ಎಂದಿತು. 1858ರಲ್ಲಿ ಲಂಡನ್ನಿನ ಕಂಪನಿ ನಿರ್ದೇಶಕರು ಸರಕಾರದ ಖರ್ಚಿನ ಶಾಲೆಗಳು ಎಲ್ಲ ಜಾತಿಗೂ ತೆರೆದಿರಬೇಕೆಂದು ಬರೆದರು. ಕಾಗದದ ಮೇಲೆ ಬಾಗಿಲು ತೆರೆಯಿತು. ಅಷ್ಟರಲ್ಲಿ ಎರಡು ವರ್ಷ ಹೋಗಿತ್ತು.

ಅಂಬೇಡ್ಕರರು ಈ ಹುಡುಗನನ್ನು ಮರೆಯಲಿಲ್ಲ. 1928ರಲ್ಲಿ ಬಹಿಷ್ಕೃತ ಹಿತಕಾರಿಣಿ ಸಭೆಯ ಪರವಾಗಿ ಸೈಮನ್ ಆಯೋಗಕ್ಕೆ ಮುಂಬಯಿ ಇಲಾಖೆಯಲ್ಲಿ ನಮ್ಮವರ ವಿದ್ಯೆಯ ಸ್ಥಿತಿ ಬರೆದು ಕೊಟ್ಟಾಗ ಧಾರವಾಡದ ಈ ಪ್ರಕರಣವನ್ನು ಎತ್ತಿ ಮುಂದಿಟ್ಟರು. ಶಾಲೆಯಲ್ಲಿ ಗೋಣಿತಟ್ಟಿನ ಮೇಲೆ ಬೇರೆ ಕೂತು, ಜವಾನ ಬಾರದ ದಿನ ನೀರೇ ಕುಡಿಯದೆ ಕಲಿತವರಿಗೆ ಆ ಹುಡುಗ ಯಾರು ಅಂತ ಬೇರೆ ಯಾರೂ ಹೇಳಬೇಕಾಗಿರಲಿಲ್ಲ.

ಈಗ ನಮ್ಮ ಮಾಸ್ತರರ ಮಾತಿಗೆ ಬರೋಣ. ಆಗ ಅವರು ನಮ್ಮನ್ನು ಹೊರಗಿಟ್ಟು ಬೇರೆ ಮಾಡಿದರು. ಕಾನೂನು ಬಂತು, ಹೊರಗಿಡಲು ಆಗಲಿಲ್ಲ. ಈಗ ತಾವೇ ಹೊರಗೆ ಹೋಗಿ ಬೇರೆ ಮಾಡಿದ್ದಾರೆ. ನಾವು ಒಳಗೆ ಬಂದರೆ ಎದ್ದು ಹೋಗುತ್ತಾರೆ ಅಂತ ಮುಂಬಯಿ ಸರಕಾರ ಹೆದರಿತ್ತಲ್ಲ, ಎದ್ದು ಹೋದರು. ಯಾರನ್ನೂ ಬಯ್ಯಲಿಲ್ಲ, ಯಾರ ಮೇಲೂ ಕೈ ಮಾಡಲಿಲ್ಲ. ಫೀ ಕಟ್ಟಿದರು, ಗಾಡಿ ಹತ್ತಿದರು. ಕೇಸು ಹಾಕಲು ಏನೂ ಇಲ್ಲ.

ಎಲ್ಲರೂ ಜಾತಿಯ ಕಾರಣಕ್ಕೇ ಹೋದರು ಅಂತ ನಾವು ಹೇಳುವುದಿಲ್ಲ. ಇಂಗ್ಲಿಷಿಗಾಗಿ ಹೋದವರಿದ್ದಾರೆ, ಮಾಸ್ತರರಿಲ್ಲದ್ದಕ್ಕೆ ಹೋದವರಿದ್ದಾರೆ, ಪಕ್ಕದ ಮನೆಯವರು ಹೋದರು ಅಂತ ಹೋದವರಂತೂ ಬಹಳ. ಆದರೆ ಜಾತಿಯ ಕಾರಣವೇ ಇಲ್ಲ ಅನ್ನುವವರು ಚಾಮರಾಜನಗರ ತಾಲೂಕಿನ ಹೊಮ್ಮ ಗ್ರಾಮದ ಸುದ್ದಿ ಓದಲಿ. 2025ರ ಜೂನಿನಲ್ಲೇ ಬಂದ ಸುದ್ದಿ. ದಲಿತ ಹೆಣ್ಣುಮಗಳು ಬಿಸಿಯೂಟದ ಅಡುಗೆಗೆ ಬಂದ ಮೇಲೆ ಇಪ್ಪತ್ತೆರಡು ಮಕ್ಕಳ ಸರಕಾರಿ ಶಾಲೆಯಲ್ಲಿ ಉಳಿದದ್ದು ಒಂದೇ ಮಗು ಅಂತ ಪತ್ರಿಕೆಗಳು ಬರೆದವು. ಕಲಿಕೆ ಸರಿಯಿಲ್ಲ, ಅದಕ್ಕೇ ಬಿಡಿಸಿದೆವು ಎಂಬ ಮಾತೂ ಅದರ ಬೆನ್ನಿಗೇ ಬಂತು. ಆ ಮಾತು ಯಾವಾಗಲೂ ಬರುತ್ತದೆ.

ಅವರು ಹೋದ ಮೇಲೆ ಸರಕಾರ ಎಣಿಸಲು ಕೂಡುತ್ತದೆ. ಮಕ್ಕಳು ಕಡಿಮೆ. ಹತ್ತು ಮಕ್ಕಳಿಗಾಗಿ ಒಂದು ಶಾಲೆ, ಒಬ್ಬ ಮಾಸ್ತರ, ಒಂದು ಅಡುಗೆ ಮನೆ ನಡೆಸಲಾದೀತೇ? 2011ರಲ್ಲಿ ಹೀಗೆ ಎಣಿಸಿಯೇ ಸಾವಿರಗಟ್ಟಲೆ ಶಾಲೆ ಮುಚ್ಚುವ ಮಾತು ಬಂತು. ಮುಚ್ಚುವುದು ಅನ್ನಲಿಲ್ಲ, 'ವಿಲೀನ' ಅಂದರು. ಒಳ್ಳೆಯ ಶಬ್ದ, ಹೊಳೆ ಸಮುದ್ರ ಸೇರುವಾಗ ಹೇಳುವಂಥದು. 2018ರಿಂದ ಕರ್ನಾಟಕ ಪಬ್ಲಿಕ್ ಶಾಲೆಗಳು ಬಂದವು. ಎಲ್‌ಕೆಜಿಯಿಂದ ಪಿಯುಸಿವರೆಗೆ ಒಂದೇ ಅಂಗಳದಲ್ಲಿ ಕಲಿಸುವ ಶಾಲೆ. ಅಂಥ ಶಾಲೆ ಬೇಡ ಅನ್ನಲು ನಮಗೇನು ಹುಚ್ಚೇ? ಬರಲಿ. ಆದರೆ ದೊಡ್ಡ ಶಾಲೆಯ ಅಂಗಳ ತುಂಬಿಸಲಿಕ್ಕೆ ಸುತ್ತಲಿನ ಸಣ್ಣ ಶಾಲೆಗಳನ್ನು ಬರಿದು ಮಾಡುವುದಾದರೆ ನಮ್ಮ ಓಣಿಯ ಆರು ವರ್ಷದ ಹುಡುಗಿ ಅಲ್ಲಿಗೆ ಹೇಗೆ ಹೋಗುತ್ತಾಳೆ? ಐದನೆಯ ತರಗತಿಯವರೆಗಿನ ಶಾಲೆ ಒಂದು ಕಿಲೋಮೀಟರಿನೊಳಗೆ, ಎಂಟನೆಯದರವರೆಗಿನದು ಮೂರು ಕಿಲೋಮೀಟರಿನೊಳಗೆ ಇರಬೇಕೆಂದು ಶಿಕ್ಷಣ ಹಕ್ಕಿನ ನಿಯಮವೇ ಇದೆ. 2019ರ ಆಗಸ್ಟಿನಲ್ಲಿ ಮಲಪ್ರಭೆ ಉಕ್ಕಿದಾಗ ರಾಮದುರ್ಗದ ಕಡೆಯ ಹಳ್ಳಿಗಳು ಎಷ್ಟು ದಿನ ಹೊರಗಿನ ಹಾದಿ ಕಾಣಲಿಲ್ಲ ಎಂಬುದು ನೆನಪಿದೆಯಲ್ಲ. ನಕ್ಷೆಯ ಮೇಲೆ ಎರಡು ಬೆರಳಿನ ದೂರ ಮಳೆಗಾಲದಲ್ಲಿ ಹಳ್ಳ ದಾಟುವ ದೂರ ಆಗಿರುತ್ತದೆ.

1856ರಲ್ಲಿ ಹುಡುಗ ಒಬ್ಬನೇ ಇದ್ದಾನೆ, ಅದಕ್ಕೇ ಒಳಗೆ ಬಿಡುವುದಿಲ್ಲ ಅಂದರು. ಈಗ ಇವರಷ್ಟೇ ಉಳಿದಿದ್ದಾರೆ, ಅದಕ್ಕೇ ಶಾಲೆ ನಡೆಸುವುದಿಲ್ಲ ಅನ್ನುತ್ತಾರೆ. ಎರಡೂ ಸಲ ತಲೆ ಎಣಿಸಿದವರು ಬೇರೆ, ಎಣಿಸಿಕೊಂಡವರು ನಾವು.

ಶಿಕ್ಷಣ ಹಕ್ಕಿನ ಇನ್ನೊಂದು ಕತೆ ಇಲ್ಲೇ ಹೇಳಿಬಿಡಬೇಕು. 2009ರ ಕಾಯಿದೆ ಖಾಸಗಿ ಶಾಲೆಗಳಲ್ಲಿ ನೂರಕ್ಕೆ ಇಪ್ಪತ್ತೈದು ಜಾಗ ಬಡವರ, ದಲಿತರ ಮಕ್ಕಳಿಗೆ ಅಂದಿತು. ನಮ್ಮ ರಾಜ್ಯದಲ್ಲಿ 2012ರಿಂದ ಆರೇಳು ವರ್ಷ ನಡೆಯಿತು. ನಮ್ಮ ಓಣಿಯ ಕೆಲವು ಮಕ್ಕಳೂ ಹಳದಿ ಗಾಡಿ ಹತ್ತಿದರು. 2019ರ ಹೊತ್ತಿಗೆ ಸರಕಾರ ನಿಯಮ ಬದಲಿಸಿತು. ಸಮೀಪದಲ್ಲಿ ಸರಕಾರಿ ಅಥವಾ ಅನುದಾನಿತ ಶಾಲೆ ಇದ್ದರೆ ಖಾಸಗಿಯಲ್ಲಿ ಆ ಜಾಗ ಇಲ್ಲ. ಸರಕಾರಿ ದುಡ್ಡಿನಿಂದ ಖಾಸಗಿಯವರ ಫೀ ಕಟ್ಟಿದರೆ ನಮ್ಮ ಶಾಲೆ ಬರಿದಾಗುತ್ತದೆ, ಆ ದುಡ್ಡಿನಲ್ಲಿ ನಮ್ಮ ಶಾಲೆಯನ್ನೇ ಗಟ್ಟಿ ಮಾಡೋಣ ಎಂಬುದು ವಾದ. ವಾದ ಸರಿಯಾಗಿಯೇ ಇದೆ. ನಮ್ಮಲ್ಲೇ ಕೆಲವು ಗೆಳೆಯರು ಅದನ್ನು ಒಪ್ಪಿದರು, ನಾವೂ ಅರೆಮನಸ್ಸಿನಿಂದ ಒಪ್ಪಿದೆವು. ಆದರೆ ಗಾಡಿ ಹತ್ತುವ ಬಾಗಿಲು ಮುಚ್ಚಿತು, ಸಾಲಿ ಗಟ್ಟಿಯಾಗಲಿಲ್ಲ. ಅರ್ಧ ಆದೇಶ ಮಾತ್ರ ಜಾರಿಯಾಯಿತು. ನಮ್ಮ ಪಾಲಿಗೆ ಬರುವ ಆದೇಶಗಳಲ್ಲಿ ಯಾವಾಗಲೂ ಆ ಅರ್ಧವೇ ಜಾರಿಯಾಗುವುದು ಯಾಕೋ.

ಇನ್ನು ಕಲಿಕೆ. ಎಸ್‌ಎಸ್‌ಎಲ್‌ಸಿ ಫಲಿತಾಂಶ ಬಂದ ದಿನ ಬೆಳಗಾವಿ, ಚಿಕ್ಕೋಡಿ ಎಷ್ಟನೆಯ ಸ್ಥಾನ ಅಂತ ಪತ್ರಿಕೆಗಳು ಬರೆಯುತ್ತವೆ, ಅಧಿಕಾರಿಗಳು ಸಭೆ ಕರೆದು ಮಾಸ್ತರರನ್ನು ಬಯ್ಯುತ್ತಾರೆ. ಆ ಅಂಕಿಗಳ ಒಳಗೆ ಸ್ವಲ್ಪ ಇಣುಕೋಣ. 2023ರಲ್ಲಿ ಇಡೀ ರಾಜ್ಯದಲ್ಲಿ ನೂರಕ್ಕೆ 83.89 ಮಂದಿ ಪಾಸು. 2024ರಲ್ಲಿ ಪರೀಕ್ಷಾ ಕೋಣೆಗಳಿಗೆ ಕ್ಯಾಮರಾ ಕೂಡಿಸಿ ಕಚೇರಿಯಲ್ಲಿ ಕೂತು ನೋಡಿದರು. ಫಲಿತಾಂಶ ಎಷ್ಟು ಕುಸಿಯಿತೆಂದರೆ ಕೃಪಾಂಕವನ್ನು ನೂರಕ್ಕೆ ಹತ್ತರಿಂದ ಇಪ್ಪತ್ತಕ್ಕೆ ಏರಿಸಬೇಕಾಯಿತು. ಏರಿಸಿದ ಮೇಲೂ 73.40. 2025ರಲ್ಲಿ ಆ ಕೃಪಾಂಕ ತೆಗೆದರು, ಮೊದಲನೆಯ ಪರೀಕ್ಷೆಯಲ್ಲಿ 62.34. ಆ ವರ್ಷವೇ ಇನ್ನು ಮೇಲೆ 35ರ ಬದಲು 33 ಬಂದರೆ ಪಾಸು ಅಂತ ಘೋಷಿಸಿದರು.

ಕ್ಯಾಮರಾ ನಮ್ಮ ಮಕ್ಕಳನ್ನು ದಡ್ಡರನ್ನಾಗಿ ಮಾಡಲಿಲ್ಲ. ಹತ್ತು ವರ್ಷ ಅವರಿಗೆ ಏನೂ ಕಲಿಸಿಲ್ಲ ಎಂಬುದನ್ನು ತೋರಿಸಿತು, ಅಷ್ಟೇ. ಅದಕ್ಕೆ ಮೊದಲು ನಮ್ಮ ಸೀಮೆಯಲ್ಲಿ ಪರೀಕ್ಷೆ ಹೇಗೆ ನಡೆಯುತ್ತಿತ್ತು ಅಂತ ಎಲ್ಲರಿಗೂ ಗೊತ್ತು. ಕಂಪೌಂಡ್ ಹತ್ತಿ ಕಿಡಕಿಯಲ್ಲಿ ಚೀಟಿ ಎಸೆದವರಲ್ಲಿ ನಮ್ಮ ಓಣಿಯ ಅಣ್ಣಂದಿರೂ ಇದ್ದರು. ತಮ್ಮ ಪಾಸಾಗಲಿ ಅಂತ ಪ್ರೀತಿಯಿಂದಲೇ ಎಸೆದರು. ಪಾಸಾದ ತಮ್ಮ ಪಿಯುಸಿಯ ಮೊದಲ ತಿಂಗಳಲ್ಲಿ ಪುಸ್ತಕ ಮುಚ್ಚಿ ಗೋವಾದ ಬಸ್ಸು ಹತ್ತಿದ. ಚೀಟಿ ನಮಗೆ ಮಾಡಿದ ಉಪಕಾರ ಇಷ್ಟು.

ಕಲಿಸುವವರು ಯಾರು? ಅರವತ್ತು ಮಕ್ಕಳವರೆಗಿನ ಪ್ರಾಥಮಿಕ ಶಾಲೆಗೆ ಇಬ್ಬರು ಮಾಸ್ತರರು ಅಂತ ಕಾಯಿದೆ ಹೇಳುತ್ತದೆ. ಐದು ತರಗತಿ, ಇಬ್ಬರು. ಅದರಲ್ಲಿ ಒಬ್ಬರು ಬಿಇಒ ಆಫೀಸಿಗೆ, ತರಬೇತಿಗೆ, ಚುನಾವಣೆಗೆ. ಖಾಲಿ ಹುದ್ದೆ ತುಂಬುವವರು ಅತಿಥಿ ಶಿಕ್ಷಕರು. ಎಂಥ ಅತಿಥಿ ಸತ್ಕಾರ ನೋಡಿರಿ. ಪ್ರಾಥಮಿಕ ಶಾಲೆಯವರಿಗೆ ತಿಂಗಳಿಗೆ ಹತ್ತು ಸಾವಿರ ಇದ್ದದ್ದು 2025ರ ಬಜೆಟ್ಟಿನಲ್ಲಿ ಹನ್ನೆರಡು ಸಾವಿರ ಆಯಿತು, ಅದೂ ಸಾಲಿ ನಡೆಯುವ ತಿಂಗಳುಗಳಿಗೆ ಮಾತ್ರ. ದಿನಕ್ಕೆ ಹಾಕಿ ನೋಡಿದರೆ ಗೌಂಡಿಯ ಕೂಲಿಗಿಂತ ಕಡಿಮೆ. ಗೌಂಡಿ ಕೆಲಸ ಕೀಳು ಅಂತಲ್ಲ, ನಮ್ಮ ಅಪ್ಪಂದಿರು ಮಾಡುವ ಕೆಲಸವೇ ಅದು. ಡಿ.ಎಡ್., ಬಿ.ಎಡ್. ಮಾಡಿ ಅತಿಥಿಗಳಾಗಿ ಹೋದವರಲ್ಲೂ ನಮ್ಮ ಹುಡುಗ ಹುಡುಗಿಯರೇ ಬಹಳ.

2025ರ ಸೆಪ್ಟೆಂಬರಿನಲ್ಲಿ ಹಿಂದುಳಿದ ವರ್ಗಗಳ ಆಯೋಗದ ಸಾಮಾಜಿಕ, ಶೈಕ್ಷಣಿಕ ಸಮೀಕ್ಷೆ ಶುರುವಾಯಿತು. ಎಣಿಕೆ ಬೇಕು, ಅದಕ್ಕಾಗಿ ನಾವೂ ಕೂಗಿದವರೇ. ಆದರೆ ಮನೆ ಮನೆ ತಿರುಗಿ ಎಣಿಸಲು ಕಳಿಸಿದ್ದು ಮಾಸ್ತರರನ್ನು. ಕೆಲಸ ಮುಗಿಯಲಿಲ್ಲವೆಂದು ದಸರಾ ರಜೆಯನ್ನು ಅಕ್ಟೋಬರ್ 18ರವರೆಗೆ ಎಳೆದರು, ಸರಕಾರಿ ಮತ್ತು ಅನುದಾನಿತ ಶಾಲೆಗಳಿಗೆ ಮಾತ್ರ. ಹಳದಿ ಗಾಡಿಗಳು ಆ ಹತ್ತು ದಿನವೂ ಊರಿಗೆ ಬಂದು ಹೋದವು. ನಮ್ಮ ಮಕ್ಕಳು ಎಷ್ಟು ಹಿಂದುಳಿದಿದ್ದಾರೆ ಅಂತ ಬರೆದುಕೊಳ್ಳಲು ನಮ್ಮ ಮಕ್ಕಳ ಮಾಸ್ತರರನ್ನೇ ಒಯ್ದರು.

ಎಂಬತ್ತರ ದಶಕದಲ್ಲಿ ನಮ್ಮ ಹಿರಿಯರು 'ಹೆಂಡ ಬೇಡ, ವಸತಿ ಶಾಲೆ ಬೇಕು' ಅಂತ ಬೀದಿಗಿಳಿದರು. ಆ ಕೂಗು ವ್ಯರ್ಥವಾಗಲಿಲ್ಲ. ಮೊರಾರ್ಜಿ ದೇಸಾಯಿ ಶಾಲೆಗಳು ಬಂದವು, ಕಿತ್ತೂರು ರಾಣಿ ಚೆನ್ನಮ್ಮನ ಹೆಸರಿನ ವಸತಿ ಶಾಲೆಗಳು ರಾಜ್ಯದ ತುಂಬ ಬಂದವು, ಅವನ್ನು ನಡೆಸಲಿಕ್ಕೆ 1999ರಲ್ಲಿ ಒಂದು ಸಂಘವೇ ಆಯಿತು. ಅಲ್ಲಿ ಕಲಿತು ಡಾಕ್ಟರು, ತಹಶೀಲ್ದಾರರು ಆದವರಿದ್ದಾರೆ. ನಮ್ಮ ಹೆಮ್ಮೆ. ಆದರೆ ಅದರದೊಂದು ಬೇನೆಯೂ ಇದೆ. ಐದನೆಯ ತರಗತಿಯಲ್ಲಿ ಪ್ರವೇಶ ಪರೀಕ್ಷೆ. ಓಣಿಯ ಚುರುಕು ಹುಡುಗ, ಚುರುಕು ಹುಡುಗಿ ಅದರಲ್ಲಿ ಆಯ್ಕೆಯಾಗಿ ಹೋಗುತ್ತಾರೆ. ಊರ ಸಾಲಿಯಲ್ಲಿ ಮೊದಲು ಗೌಡರ ಮಕ್ಕಳಿಲ್ಲ, ಆಮೇಲೆ ನಮ್ಮ ಚುರುಕು ಮಕ್ಕಳೂ ಇಲ್ಲ. ಪರೀಕ್ಷೆಗೆ ಕೂಡಲು ಆಗದವರು, ದಸರೆ ಮುಗಿದ ಮೇಲೆ ತಂದೆತಾಯಿಯ ಸಂಗಡ ಕಬ್ಬು ಕಡಿಯುವ ಟೋಳಿಯಲ್ಲಿ ಹೋಗಿ ಶಿವರಾತ್ರಿಗೆ ಬರುವವರು, ತಂಗಿಯನ್ನು ಸೊಂಟದ ಮೇಲೆ ಕೂಡಿಸಿಕೊಂಡು ತರಗತಿಗೆ ಬರುವವರು, ಇವರ ಸಾಲಿ ಅದು. ನಾವು ಇಲ್ಲಿಯವರೆಗೆ ಕೂಗಿದ್ದು ಆಯ್ಕೆಯಾದವರ ಪರವಾಗಿ. ಉಳಿದವರ ಪರವಾಗಿ ಒಂದು ಘೋಷಣೆ ಕೂಡ ನಮ್ಮಲ್ಲಿ ಇಲ್ಲ.

ಕಿತ್ತೂರಿನಲ್ಲಿಯೇ 1969ರಿಂದ ಹೆಣ್ಣುಮಕ್ಕಳ ಸೈನಿಕ ಶಾಲೆ ಇದೆ. ಹೆಣ್ಣುಮಕ್ಕಳು ಅಲ್ಲಿ ಕುದುರೆ ಏರುವುದನ್ನು ಕಲಿಯುತ್ತಾರೆ. ಸಂತೋಷ. 2024ರ ಅಕ್ಟೋಬರಿನಲ್ಲಿ ಚೆನ್ನಮ್ಮ ಥ್ಯಾಕರೆಯ ಪಡೆಯನ್ನು ಸೋಲಿಸಿ ಇನ್ನೂರು ವರ್ಷವಾಯಿತೆಂದು ಉತ್ಸವ ಜೋರಾಗಿ ನಡೆಯಿತು. 2021ರಲ್ಲಿ ಮುಂಬಯಿ ಕರ್ನಾಟಕ ಎಂಬ ಹೆಸರು ತೆಗೆದು ಕಿತ್ತೂರು ಕರ್ನಾಟಕ ಅಂತ ಇಟ್ಟರು. ಮುಂಬಯಿಯ ಹೆಸರು ಹೋಯಿತು. ಮುಂಬಯಿ ಸರಕಾರ ಧಾರವಾಡದ ಹುಡುಗನಿಗೆ ಹೇಳಿದ ಲೆಕ್ಕ ಹೋಗಲಿಲ್ಲ.

ಸವದತ್ತಿಯ ಗುಡ್ಡದ ಮಾತು ಬಿಟ್ಟು ಈ ಸೀಮೆಯ ಸಾಲಿಯ ಮಾತು ಮುಗಿಯುವುದಿಲ್ಲ. ದೇವದಾಸಿ ಬಿಡುವುದನ್ನು 1982ರ ಕಾಯಿದೆ ನಿಷೇಧಿಸಿತು. 1993-94ರಲ್ಲಿ, 2007-08ರಲ್ಲಿ ಸರಕಾರವೇ ಎರಡು ಸಲ ಎಣಿಸಿ ರಾಜ್ಯದಲ್ಲಿ 46,660 ತಾಯಂದಿರನ್ನು ಗುರುತಿಸಿತು. ಅವರ ಮಕ್ಕಳು ಸಾಲಿಗೆ ಬಂದಾಗ ಮೊದಲ ಪ್ರಶ್ನೆ ತಂದೆಯ ಹೆಸರು. ಎಷ್ಟೋ ಮಕ್ಕಳು ಆ ಒಂದು ಖಾನೆಯ ಮುಂದೆ ನಿಂತು ತಿರುಗಿ ಹೋಗಿದ್ದಾರೆ. ಯಾರದೋ ಹೆಸರು ಬರೆಸಿ, ಹತ್ತು ವರ್ಷ ಆ ಸುಳ್ಳು ಹೊತ್ತು ತಿರುಗಿದವರನ್ನು ನಾವು ಬಲ್ಲೆವು. 2025ರ ಆಗಸ್ಟಿನಲ್ಲಿ ವಿಧಾನಸಭೆ ಒಪ್ಪಿದ ಹೊಸ ಮಸೂದೆಯಲ್ಲಿ ಈ ಮಕ್ಕಳು ತಂದೆಯ ಹೆಸರು ಹೇಳಬೇಕಾಗಿಲ್ಲ ಅಂತ ಬರೆದಿದ್ದಾರೆ. ಬರೆಯಲು ನಾಲ್ವತ್ತಮೂರು ವರ್ಷ ಬೇಕಾಯಿತು. ಈ ಸುದ್ದಿ ಗುಡ್ಡದ ಸುತ್ತಲಿನ ಪ್ರತಿ ಸಾಲಿಯ ಮಾಸ್ತರರಿಗೆ, ಅಕ್ಕೋರಿಗೆ ಮುಟ್ಟಬೇಕು. ಮುಟ್ಟಿಸುವ ಕೆಲಸ ಈ ಹಾಳೆ ಕೊಂಡವರದು.

ನಾವು ಆ ಹದಿನೇಳು ಮಕ್ಕಳ ಸಾಲಿ ನೋಡಿ ಬಂದ ಮರುತಿಂಗಳು ಸವದತ್ತಿ ತಾಲೂಕಿನ ಹೂಲಿಕಟ್ಟಿಯಲ್ಲಿ ಆದದ್ದು ನಿಮಗೆಲ್ಲ ಗೊತ್ತಿದೆ. ಆದರೂ ಬರೆಯುತ್ತೇವೆ. ಇಂಥದು ಮರೆಯುವುದು ಬಹಳ ಬೇಗ. 2025ರ ಜುಲೈ 14ರಂದು ಅಲ್ಲಿಯ ಸರಕಾರಿ ಶಾಲೆಯ ಟಾಕಿಯ ನೀರು ಕುಡಿದ ಹನ್ನೊಂದು ಹನ್ನೆರಡು ಮಕ್ಕಳು ಅಸ್ವಸ್ಥರಾದರು. ನೀರಿನಲ್ಲಿ ಬೆಳೆಗೆ ಹೊಡೆಯುವ ಔಷಧ. ಯಾಕೆ? ಮುಖ್ಯ ಮಾಸ್ತರರು ಮುಸಲ್ಮಾನರು. ಹದಿಮೂರು ವರ್ಷ ಅದೇ ಸಾಲಿಯಲ್ಲಿ ಕಲಿಸಿದವರು. ಅವರ ಹೆಸರು ಕೆಡಿಸಿ ವರ್ಗ ಮಾಡಿಸಬೇಕು, ಅದಕ್ಕೆ. ಪೊಲೀಸರು ಮೂವರನ್ನು ಹಿಡಿದರು, ಅವರಲ್ಲೊಬ್ಬ ಧರ್ಮದ ಹೆಸರಿನ ಸಂಘಟನೆಯ ತಾಲೂಕು ಮುಂದಾಳು. ಪೊಲೀಸರು ಹೇಳಿದ ಕತೆಯಲ್ಲಿ ಇನ್ನೊಂದು ಎಳೆ ಇದೆ. ಔಷಧ ತರಿಸಿ ಹಾಕಿಸಲು ಬಳಸಿಕೊಂಡದ್ದು ಬೇರೆ ಜಾತಿಯ ಹುಡುಗಿಯನ್ನು ಪ್ರೀತಿಸಿದ ಒಬ್ಬ ಯುವಕನನ್ನು. ಮಾತು ಕೇಳದಿದ್ದರೆ ಊರಿಗೆಲ್ಲ ಹೇಳುತ್ತೇವೆ ಅಂತ ಹೆದರಿಸಿ. ಟಾಕಿಯಲ್ಲಿ ಸುರಿಸಿದ್ದು ಅದೇ ಸಾಲಿಯ ಒಬ್ಬ ಸಣ್ಣ ಹುಡುಗನ ಕೈಯಿಂದ. ಅವನಿಗೆ ಚಾಕಲೇಟು, ಚಿಪ್ಸು, ಐದುನೂರು ರೂಪಾಯಿ.

ಒಂದೇ ಘಟನೆಯಲ್ಲಿ ಎಷ್ಟೊಂದು ಹುದುಗಿದೆ ನೋಡಿರಿ. ಜಾತಿ ಮೀರಿದ ಪ್ರೀತಿ ಬೆದರಿಕೆಯ ಹಗ್ಗವಾಯಿತು. ಆ ಹಗ್ಗದಿಂದ ಒಬ್ಬ ಮುಸಲ್ಮಾನ ಮಾಸ್ತರರನ್ನು ಎಳೆಯಲು ನೋಡಿದರು. ಬೆಲೆ ತೆತ್ತದ್ದು ಕನ್ನಡ ಸಾಲಿಯ ಮಕ್ಕಳು. 1927ರಲ್ಲಿ ಮಹಾಡದ ಕೆರೆಯ ನೀರು ಮುಟ್ಟಿ ನಮ್ಮವರು ಕುಡಿದರು. ಕೆರೆ ಮೈಲಿಗೆಯಾಯಿತೆಂದು ಜಾತಿಯವರು ಸೆಗಣಿ ಗಂಜಲ ಸುರಿದು ಶುದ್ಧ ಮಾಡಿಕೊಂಡರು. ಊರ ಸಾಲಿಯ ಟಾಕಿ ಅಂದರೆ ಎಲ್ಲ ಓಣಿಯ ಮಕ್ಕಳೂ ಒಂದೇ ನಳಕ್ಕೆ ಬಾಯಿ ಹಚ್ಚಿ ನೀರು ಕುಡಿಯುವ ಜಾಗ. ಇಂಥ ಜಾಗ ಊರಲ್ಲಿ ಮತ್ತೆಲ್ಲಿದೆ? ಗುಡಿಯಲ್ಲಿ ಇಲ್ಲ, ಹೋಟೆಲಿನಲ್ಲಿ ಈಗೀಗ ಪ್ಲಾಸ್ಟಿಕ್ ಲೋಟ ಬಂದು ಗೊತ್ತಾಗದಂತಾಗಿದೆ, ಸುಡುಗಾಡಿನಲ್ಲಂತೂ ಇಲ್ಲ. ಅದಕ್ಕೇ ನಾವು ಹದಿನೇಳು ಮಕ್ಕಳ ಸಾಲಿಗಾಗಿ ಇಷ್ಟು ಬರೆಯುತ್ತಿರುವುದು.

ಈಗ ನಮ್ಮ ಕಡೆಗೂ ತಿರುಗಬೇಕು. ಸಭೆಯಲ್ಲಿ ಅಂಬೇಡ್ಕರರ ಫೋಟೊಕ್ಕೆ ಮಾಲೆ ಹಾಕುವ ನಮ್ಮ ನೌಕರ ಅಣ್ಣಂದಿರ ಮಕ್ಕಳು ಎಲ್ಲಿ ಓದುತ್ತಾರೆ? ಹಳದಿ ಗಾಡಿಯಲ್ಲಿ. ಅವರನ್ನು ಬಯ್ಯಲು ನಮಗೆ ಬಾಯಿ ಬರುವುದಿಲ್ಲ. ನಾವು ಆ ಸಂಬಳದಲ್ಲಿ ಇದ್ದರೆ ಏನು ಮಾಡುತ್ತಿದ್ದೆವೋ ಯಾರು ಬಲ್ಲರು. ಇಂಗ್ಲಿಷ್ ಬೇಕು. 2019ರಲ್ಲಿ ಸರಕಾರಿ ಶಾಲೆಗಳಲ್ಲಿ ಇಂಗ್ಲಿಷ್ ಮಾಧ್ಯಮದ ವಿಭಾಗ ತೆರೆಯುತ್ತೇವೆ ಅಂದಾಗ ಕನ್ನಡ ಸತ್ತೇಹೋಯಿತೆಂದು ಕೂಗಿದ ದೊಡ್ಡ ಸಾಹಿತಿಗಳ ಮೊಮ್ಮಕ್ಕಳು ಯಾವ ಸಾಲಿಯಲ್ಲಿ ಓದುತ್ತಾರೆ ಅಂತ ಯಾರೂ ಕೇಳಲಿಲ್ಲ. ನಾವು ಕನ್ನಡದಲ್ಲಿ ಬಿ.ಎ. ಓದಿದವರು, ಕನ್ನಡದಲ್ಲಿ ಪದ್ಯ ಬರೆಯುವವರು. ಆದರೂ ಹೇಳುತ್ತೇವೆ, ಕನ್ನಡ ಉಳಿಸುವ ಭಾರ ಹದಿನೇಳು ಬಡ ಮಕ್ಕಳ ತಲೆಯ ಮೇಲೆ ಮಾತ್ರ ಹೊರಿಸಬೇಡಿರಿ.

ಅಣ್ಣಂದಿರಿಗೆ ನಮ್ಮ ಕೇಳಿಕೆ ಒಂದೇ. ನಿಮ್ಮ ಮಕ್ಕಳು ಎಲ್ಲಿಯಾದರೂ ಓದಲಿ, ನೀವು ಹುಟ್ಟಿದ ಊರಿನ ಸಾಲಿಯ ಎಸ್‌ಡಿಎಂಸಿ ಸಭೆ ಯಾವಾಗ ನಡೆಯಿತು, ಯಾರು ಸಹಿ ಮಾಡಿದರು ಅಂತ ಕೇಳಿರಿ. ಕಾಯಿದೆಯ ಪ್ರಕಾರ ಆ ಸಮಿತಿಯಲ್ಲಿ ಮುಕ್ಕಾಲು ಪಾಲು ಪಾಲಕರು, ಅರ್ಧ ಪಾಲು ಹೆಣ್ಣುಮಕ್ಕಳು ಇರಬೇಕು. ನಾವು ನೋಡಿದ ಊರಿನಲ್ಲಿ ಸಾಲಿಯ ಮಕ್ಕಳೆಲ್ಲ ನಮ್ಮ ಓಣಿಯವರು, ಸಾಲಿಯ ಮಾತು ಆಡುವವರು ಮಾತ್ರ ಇನ್ನೂ ಮೇಲಿನ ಓಣಿಯವರು. ತಮ್ಮ ಮಕ್ಕಳನ್ನು ಒಯ್ದರು, ಕುರ್ಚಿಯನ್ನು ಬಿಟ್ಟುಕೊಡಲಿಲ್ಲ. ಇದು ನಿಮ್ಮ ಸಾಲಿ ಅನ್ನುವುದಾದರೆ ಕುರ್ಚಿಯೂ ನಮ್ಮದಾಗಬೇಕಲ್ಲ? ಆ ಕುರ್ಚಿಯಲ್ಲಿ ಕೂತು ಎರಡನೆಯ ಮಾಸ್ತರರು ಎಲ್ಲಿ ಅಂತ ಬರೆದು ಕೇಳಬೇಕು, ಕಬ್ಬಿಗೆ ಹೋಗುವ ಮಕ್ಕಳು ಉಳಿಯಲು ಋತುಮಾನದ ವಸತಿ ಕೇಳಬೇಕು, ವಿಲೀನದ ಕಾಗದ ಬಂದರೆ ಸಹಿ ಮಾಡಬಾರದು. ಊರ ಸಾಲಿಯಾಗಿ ಉಳಿಯಲಿ ಎಂಬುದೇ ನಮ್ಮ ಬೇಡಿಕೆ, ಓಣಿಯ ಸಾಲಿಯಾಗಲಿ ಅಂತಲ್ಲ. ಗೌಡರ ಮೊಮ್ಮಗ ಮರಳಿ ಬಂದು ನಮ್ಮ ಹುಡುಗನ ಪಕ್ಕ ಕೂಡುವಂಥ ಸಾಲಿ ಕೇಳುತ್ತಿದ್ದೇವೆ.

ದೀಪಾವಳಿ ಆದ ಮೇಲೆ ಆ ಊರಿಗೆ ಮತ್ತೆ ಹೋಗಿದ್ದೆವು. ಓಣಿಯ ಒಬ್ಬ ತಾಯಿ ಸಂಘದ ಸಾಲ ತೆಗೆದು ಮಗನನ್ನು ಪೇಟೆಯ ಒಂದು ಇಂಗ್ಲಿಷ್ ಸಾಲಿಗೆ ಹಾಕಿದ್ದರು. ಎರಡನೆಯ ಕಂತು ಕಟ್ಟಲು ಆಗಲಿಲ್ಲ. ಹುಡುಗನನ್ನು ಗಾಡಿ ಹತ್ತಿಸಿಕೊಳ್ಳುವುದು ನಿಂತಿತು. ಟಿಸಿ ಕೇಳಿದರೆ ಬಾಕಿ ಕಟ್ಟು ಅಂದರು. ಒಂದೂವರೆ ತಿಂಗಳಿನಿಂದ ಹುಡುಗ ಮನೆಯಲ್ಲಿ, ಆಡು ಕಾಯುತ್ತಾ.

"ಕನ್ನಡ ಸಾಲಿಗೆ ಯಾಕ ಕಳಸಲಿಲ್ಲ ಯವ್ವಾ?" ಅಂತ ಕೇಳಿದೆವು.

"ಹೆಂಗ ಕಳಸಲೋ ತಮ್ಮಾ, ಕಾಗದ ಇಲ್ಲದ ತಗೊಳ್ಳಂಗಿಲ್ಲಂತ ಎಲ್ಲಾರೂ ಅಂತಾರ. ಅಲ್ಲೀದೂ ಹೋತು, ಇಲ್ಲೀದೂ ಹೋತು."

ಎಲ್ಲಾರೂ ಅನ್ನುವುದು ಸುಳ್ಳು. ಶಿಕ್ಷಣ ಹಕ್ಕಿನ ಕಾಯಿದೆಯ ಐದನೆಯ ಕಲಮು ಓದಿರಿ, ಓದಲು ಬಾರದವರಿಗೆ ಓದಿ ಹೇಳಿರಿ. ಟಿಸಿ ಬರುವುದು ತಡವಾಯಿತು ಎಂಬ ಕಾರಣಕ್ಕೆ ಸರಕಾರಿ ಶಾಲೆ ಮಗುವನ್ನು ಸೇರಿಸಿಕೊಳ್ಳದೆ ಇರುವಂತಿಲ್ಲ, ಸೇರಿಸುವುದನ್ನು ತಡ ಮಾಡುವಂತಿಲ್ಲ. ವರ್ಷದ ನಡುವೆ ಬಂದರೂ ಸೇರಿಸಿಕೊಳ್ಳಬೇಕು, ವಯಸ್ಸಿಗೆ ತಕ್ಕ ತರಗತಿಯಲ್ಲಿ ಕೂಡಿಸಬೇಕು. ಇದೂ ಅದೇ ಕಾಯಿದೆಯಲ್ಲಿದೆ.

ತಾಯಿಯನ್ನೂ ಹುಡುಗನನ್ನೂ ಕರೆದುಕೊಂಡು ಸಾಲಿಗೆ ಹೋದೆವು. ಆಡುಗಳನ್ನು ಅಜ್ಜನಿಗೆ ಒಪ್ಪಿಸಿ ಬಂದಿದ್ದ ಹುಡುಗ ಬಾಗಿಲಲ್ಲೇ ನಿಂತ. ಮಾಸ್ತರರಿಗೆ ಕಲಮು ಗೊತ್ತಿತ್ತು, ಯಾರೂ ಬಂದು ಕೇಳಿರಲಿಲ್ಲ ಅಷ್ಟೇ. ಹಾಜರಿ ಪುಸ್ತಕ ತೆಗೆದು, ಹದಿನೇಳನೆಯ ಹೆಸರಿನ ಕೆಳಗೆ ಗೆರೆ ಎಳೆದಿದ್ದರು, ಆ ಗೆರೆಯ ಕೆಳಗೆ ಹದಿನೆಂಟು ಅಂತ ಬರೆದು, ಹುಡುಗನ ಹೆಸರು ಕೇಳಿದರು.